ಮದ್ದನ್ನು ಕಿತ್ತುಕೊಳ್ಳಿ, ಕೊಳವೆಯನ್ನಲ್ಲ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದುದನ್ನು ನಾಡಿನ ಎಲ್ಲರಂತೆ ನಾನೂ ಟಿ.ವಿ.ಯ ಮುಂದೆ ಕುಳಿತು ನೋಡಿದೆ, ಕಣ್ಣನ್ನೂ ಒರೆಸಿಕೊಂಡೆ. ಅದಾದ ಎರಡು ದಿನಕ್ಕೆ ನಮ್ಮ ಕಡೆಯ ಪ್ರೌಢಶಾಲೆಯೊಂದರಲ್ಲಿ ಅಭಿನಂದನಾ ಸಭೆ ಏರ್ಪಾಡಾಗಿತ್ತು. ನಿವೃತ್ತ ವಿಜ್ಞಾನ ಶಿಕ್ಷಕನೆಂಬ ಕಾರಣಕ್ಕೆ ನನಗೂ ಕರೆ ಬಂದಿತ್ತು. ಭಾಷಣಗಳಾದವು, ಮಕ್ಕಳು ಚಪ್ಪಾಳೆ ತಟ್ಟಿದರು, ಸಿಹಿ ಹಂಚಿದರು. ನನ್ನ ಸರದಿ ಬಂದಾಗ ನಾನು ಚೀಲದಿಂದ ಒಂದು ಕಾಗದದ ರಾಕೆಟನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ಎರಡು ಹಂತದ್ದು. ಮೇಲಿನ ಕೊಳವೆಗೆ ಒಂದು ಕಡೆ ತೇಪೆ ಹಾಕಿತ್ತು. ಇದು ನಿಜವಾಗಿಯೂ ಹಾರಿದ ರಾಕೆಟ್ಟು ಎಂದು ನಾನು ಹೇಳಿದ್ದೇ ತಡ, ಹಿಂದಿನ ಸಾಲಿನ ಹುಡುಗರು ಬೆಂಚಿನ ಮೇಲೆ ಎದ್ದು ನಿಂತರು.

ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಬಳಿ ಒಂದು ಬಿನ್ನಹ ಮಾಡಿಕೊಂಡೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾಲ್ಕು ಶನಿವಾರ ನನಗೆ ಬಿಟ್ಟುಕೊಡಿ, ಮದ್ದಿಲ್ಲ, ಬೆಂಕಿಯಿಲ್ಲ, ಪ್ಲಾಸ್ಟಿಕ್ ಬಾಟಲಿ, ನೀರು, ಸೈಕಲ್ ಪಂಪು, ಇಷ್ಟರಿಂದಲೇ ರಾಕೆಟ್ ಮಾಡಿಸುತ್ತೇನೆ ಎಂದೆ. ಅವರು ಸಜ್ಜನರು, ಗೌರವದಿಂದಲೇ ಉತ್ತರಿಸಿದರು: "ಸಾರ್, ತಾವು ಹಿರಿಯರು. ಆದರೆ ಯಾವುದಾದರೂ ಮಗುವಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು? ಅಲ್ಲದೆ ಇದು ಪರೀಕ್ಷೆಗೂ ಬರುವುದಿಲ್ಲವಲ್ಲ."

ಈ ಎರಡು ಮಾತುಗಳಿಗೆ ಉತ್ತರ ಕೊಡಬೇಕೆಂದೇ ಈ ಬರೆಹ. ಉತ್ತರಿಸುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಏಕೆಂದರೆ ಇವೇ ಎರಡು ಮಾತುಗಳನ್ನು ನಾನೂ ಮೂವತ್ತಕ್ಕೂ ಹೆಚ್ಚು ವರ್ಷ ಆಡಿಕೊಂಡು ಬಂದವನು.

1988ರ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚಡ್ಡಿಯ ಜೇಬಿನಲ್ಲಿ ಏನನ್ನೋ ಅಡಗಿಸಿಕೊಂಡು ಬಂದಿದ್ದ. ತೆಗೆಸಿ ನೋಡಿದರೆ ಹಳೆಯ ಪೋಸ್ಟ್ ಕಾರ್ಡನ್ನು ಸುತ್ತಿ ಮಾಡಿದ ಕೊಳವೆ. ಹಿಂಭಾಗಕ್ಕೆ ರಟ್ಟಿನ ಮೂರು ರೆಕ್ಕೆ, ಮುಂಭಾಗಕ್ಕೆ ಜೇಡಿಮಣ್ಣಿನ ಮೂತಿ. ಒಳಗೆ ಬೆಂಕಿಕಡ್ಡಿಗಳ ತಲೆ ಕೆರೆದು ತುಂಬಿದ ಮದ್ದು. ನನಗೆ ಮೈ ನಡುಗಿತು. ಅಂಗೈ ಮೇಲೆ ಎರಡು ಏಟು ಕೊಟ್ಟೆ, ತಂದೆಯನ್ನು ಕರೆತರುವಂತೆ ಹೇಳಿದೆ, ಮದ್ದನ್ನು ನೀರಿಗೆ ಸುರಿದು ಕೊಳವೆಯನ್ನು ಎಲ್ಲರೆದುರಿಗೆ ಮುರಿದು ಕಸದ ಬುಟ್ಟಿಗೆ ಹಾಕಿದೆ. ಅದೇ ವಾರ ಅದೇ ತರಗತಿಯಲ್ಲಿ ನ್ಯೂಟನ್ನನ ಮೂರನೆಯ ನಿಯಮವನ್ನು ಹೇಳಿಕೊಟ್ಟು, ಉದಾಹರಣೆಗೆ ರಾಕೆಟ್ ಎಂದು ಬರೆಸಿದೆ. ಆ ಹುಡುಗನೂ ಬರೆದುಕೊಂಡ. ಆ ವರ್ಷವೆಲ್ಲ ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ಅದನ್ನು ನಾನು ಶಿಸ್ತೆಂದು ತಿಳಿದೆ.

ಇನ್ನು 2023ರ ಮೇ ತಿಂಗಳಿಗೆ ಬರೋಣ. ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಹತ್ತು ವರ್ಷದ ಮೊಮ್ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಎರಡು ಹಂತದ ಮಾದರಿ ರಾಕೆಟ್ಟಿನ ಕಿಟ್ ಬಂದಿತ್ತು. ಪೊಟ್ಟಣದಲ್ಲಿ ಇದ್ದುದಿಷ್ಟು: ಗಟ್ಟಿ ಕಾಗದದ ಕೊಳವೆಗಳು, ಬಾಲ್ಸಾ ಎಂಬ ಬೆಂಡಿನಷ್ಟು ಹಗುರವಾದ ಮರದ ತೆಳು ಹಲಗೆ, ಮೂತಿ, ಎಲಾಸ್ಟಿಕ್ ದಾರ, ಪ್ಯಾರಾಚೂಟ್, ಒಂದು ಸೂಚನಾ ಪತ್ರ. ಮೋಟಾರುಗಳು ಬೇರೆಯಾಗಿ ಸಿಗುತ್ತವೆ. ಹೆಬ್ಬೆರಳಿನ ಗಾತ್ರದ ಕಾಗದದ ಕೊಳವೆಯಲ್ಲಿ ಕಾರ್ಖಾನೆಯಲ್ಲಿಯೇ ಕಪ್ಪು ಮದ್ದನ್ನು ಒತ್ತಿ ತುಂಬಿ, ಜೇಡಿಮಣ್ಣಿನ ಬಾಯಿ ಕೂರಿಸಿರುತ್ತಾರೆ. ಮಗು ಮದ್ದನ್ನು ಮುಟ್ಟುವಂತೆಯೇ ಇಲ್ಲ.

ಮೋಟಾರಿನ ಮೇಲೆ ಬಿ 6-6 ಎಂದು ಬರೆದಿತ್ತು. ಅಕ್ಷರವು ಒಟ್ಟು ಆವೇಗವನ್ನು ಹೇಳುತ್ತದೆ: ಎ ಎಂದರೆ 2.5 ನ್ಯೂಟನ್-ಸೆಕೆಂಡಿನವರೆಗೆ, ಬಿ ಎಂದರೆ 5ರವರೆಗೆ, ಸಿ ಎಂದರೆ 10ರವರೆಗೆ. ಅಕ್ಷರ ಒಂದೊಂದು ಏರಿದಂತೆ ಮಿತಿ ಇಮ್ಮಡಿ. ಮೊದಲ ಅಂಕಿ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಎರಡನೆಯದು, ಉರಿದು ಮುಗಿದ ಮೇಲೆ ಪ್ಯಾರಾಚೂಟನ್ನು ಹೊರದಬ್ಬುವ ಚಿಕ್ಕ ಸ್ಫೋಟಕ್ಕೆ ಮುನ್ನ ಕಳೆಯುವ ಸೆಕೆಂಡುಗಳು. ಕೆಳಗಿನ ಹಂತದ ಮೋಟಾರಿನ ಮೇಲೆ ಬಿ 6-0 ಎಂದಿತ್ತು. ಅದರಲ್ಲಿ ತಡವೂ ಇಲ್ಲ, ದಬ್ಬುವ ಸ್ಫೋಟವೂ ಇಲ್ಲ. ಮದ್ದು ಮೇಲಿನ ತುದಿಯವರೆಗೆ ಉರಿದಾಗ ಬಿಸಿ ಅನಿಲವೂ ಉರಿಯುವ ಕಣಗಳೂ ಮೇಲಿನ ಮೋಟಾರಿನ ಬಾಯಿಗೆ ನುಗ್ಗಿ ಅದನ್ನು ಹೊತ್ತಿಸುತ್ತವೆ. ಕೆಳಗಿನ ಹಂತ ಕಳಚಿಕೊಂಡು ಪಲ್ಟಿ ಹೊಡೆಯುತ್ತ ನೆಲಕ್ಕೆ ಬೀಳುತ್ತದೆ, ಮೇಲಿನದು ಮುಂದುವರಿಯುತ್ತದೆ. ನಾನು ವರ್ಷವರ್ಷವೂ "ಹಂತ ಹಂತವಾಗಿ ರಾಕೆಟ್ ಉಡಾಯಿಸುತ್ತಾರೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ ಸಂಗತಿಯಿದು.

ನಾಲ್ಕು ದಿನ ಹಿಡಿಯಿತು. ಬಾಲ್ಸಾ ಮರದ ಎಳೆಗಳು ರೆಕ್ಕೆಯ ಮುಂಚೂಣಿಯಂಚಿಗೆ ಸಮಾನಾಂತರವಾಗಿ ಓಡಬೇಕು, ಇಲ್ಲವಾದರೆ ರೆಕ್ಕೆ ಮುರಿಯುತ್ತದೆ. ಗೋಂದು ಒಣಗುವ ತನಕ ಕಾಯಬೇಕು. ಎಲ್ಲ ಮುಗಿದ ಮೇಲೆ ಮೋಟಾರುಗಳನ್ನು ಕೂರಿಸಿ, ರಾಕೆಟ್ ಸಮತೋಲವಾಗಿ ನಿಲ್ಲುವ ಜಾಗಕ್ಕೆ, ಎಂದರೆ ಗುರುತ್ವ ಕೇಂದ್ರಕ್ಕೆ, ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿ ನೋಡಬೇಕು. ಮೂತಿ ಮುಂದಾಗಿ ಹೋದರೆ ಸರಿ. ಬಾಲ ಮುಂದಾದರೆ ಅಥವಾ ಒದ್ದಾಡಿದರೆ ಮೂತಿಗೆ ತೂಕ ಸೇರಿಸಬೇಕು. ಗುರುತ್ವ ಕೇಂದ್ರವು ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿರಬೇಕು ಎಂಬುದೇ ಇದರ ಗುಟ್ಟು. ಎರಡು ಹಂತದ ರಾಕೆಟ್ಟಿಗೆ ಬಾಲದಲ್ಲಿ ಇನ್ನೊಂದು ಮೋಟಾರಿನ ಭಾರ ಬೀಳುವುದರಿಂದ ಕೆಳಗಿನ ಹಂತಕ್ಕೆ ದೊಡ್ಡ ರೆಕ್ಕೆ ಬೇಕಾಗುತ್ತದೆ.

ಮೊಮ್ಮಗಳು ಹಿತ್ತಲಿನಲ್ಲಿ ದಾರ ಹಿಡಿದು ತಿರುಗಿಸುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. 1988ರ ಆ ಹುಡುಗ ಮೂತಿಗೆ ಜೇಡಿಮಣ್ಣನ್ನೇ ಏಕೆ ಮೆತ್ತಿದ್ದ? ಕಾಗದವನ್ನೇ ಚೂಪು ಮಾಡಬಹುದಿತ್ತಲ್ಲ? ಮುಂಭಾಗಕ್ಕೆ ಭಾರ ಬೇಕೆಂಬುದನ್ನು ಅವನು ಯಾರಿಂದಲೂ ಕಲಿಯದೆ, ಬಹುಶಃ ಹತ್ತು ಸಲ ಎಸೆದು ನೋಡಿ ಕಂಡುಕೊಂಡಿದ್ದಿರಬೇಕು. ಬಿ.ಇಡಿ. ಪದವೀಧರನಾದ ಅವನ ಮೇಷ್ಟ್ರಿಗೆ ಅದು ಕೇವಲ ಮಣ್ಣಾಗಿ ಕಂಡಿತ್ತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಸೂಚನಾ ಪತ್ರದಲ್ಲಿ, ಎರಡು ಮೋಟಾರುಗಳನ್ನು ತುದಿಗೆ ತುದಿ ಸೇರಿಸಿ ಪಾರದರ್ಶಕ ಟೇಪಿನಿಂದ ಒಂದು ಸುತ್ತು ಬಿಗಿಯಬೇಕು ಎಂದಿತ್ತು. ಮೊಮ್ಮಗಳು ಟೇಪು ತರಲು ಎದ್ದಳು. ನಾನು, "ಬೇಡ ಪುಟ್ಟಿ, ಕೊಳವೆಯೇ ಅವನ್ನು ಹಿಡಿದುಕೊಂಡಿರುತ್ತೆ. ಟೇಪು ಸುತ್ತಿದರೆ ಹಂತಗಳು ಬೇರೆಯಾಗೋದು ಹೇಗೆ?" ಎಂದೆ. "ಆದರೆ ತಾತ, ಪೇಪರ್‌ನಲ್ಲಿ ಬರೆದಿದೆಯಲ್ಲಾ?" ಎಂದಳು. "ನಾನು ಸೈನ್ಸ್ ಮೇಷ್ಟ್ರು ಕಣಮ್ಮ" ಎಂದೆ. ಅವಳು ಸುಮ್ಮನಾದಳು. 1988ರ ಹುಡುಗ ಸುಮ್ಮನಾದ ಹಾಗೆಯೇ.

ಊರಾಚೆಯ ವಿಶಾಲವಾದ ಮೈದಾನದಲ್ಲಿ, ಅನುಮತಿ ಪಡೆದು, ಮೂರಡಿಯ ಸರಳಿಗೆ ರಾಕೆಟನ್ನು ಪೋಣಿಸಿದೆವು. ತಂತಿಯ ಉದ್ದಕ್ಕೂ ಹಿಂದೆ ಸರಿದು, ಐದರಿಂದ ಎಣಿಸಿ ಅವಳು ಗುಂಡಿ ಒತ್ತಿದಳು. ಮೊದಲ ಹಂತ ಸೊಗಸಾಗಿ ಏರಿತು. ಆಮೇಲೆ ಎರಡು ತುಂಡು. ಮೇಲಿನದು ಹೊತ್ತಲೇ ಇಲ್ಲ. ಹೊತ್ತದ್ದರಿಂದ ಪ್ಯಾರಾಚೂಟೂ ಬಿಚ್ಚಲಿಲ್ಲ. ಮೂತಿ ಕೆಳಗಾಗಿ ಬಾಣದಂತೆ ಬಂದು ದೂರದ ಹುಲ್ಲಿನಲ್ಲಿ ನಾಟಿಕೊಂಡಿತು. ನನ್ನ ಎದೆ ಝಲ್ಲೆಂದಿತು. ಮೈದಾನ ಅಷ್ಟು ವಿಶಾಲವಾಗಿರಬೇಕೆಂಬ ನಿಯಮ ಏಕಿದೆ ಎಂಬುದು ಆ ಕ್ಷಣದಲ್ಲಿ ತಿಳಿಯಿತು.

ಮೊಮ್ಮಗಳು ಅಳಲಿಲ್ಲ. ಮೇಲಿನ ಮೋಟಾರನ್ನು ಎಳೆದು ತೆಗೆದು ನೋಡಿದಳು. ಮದ್ದು ಹಾಗೆಯೇ ಇತ್ತು. ಬಾಯಿಯ ಅಂಚಿಗೆ ಮಾತ್ರ ಮಸಿ ಹತ್ತಿತ್ತು. "ತಾತ, ಬೆಂಕಿ ಇಲ್ಲೀವರೆಗೂ ಬಂದಿದೆ. ಒಳಗೆ ಹೋಗೋಕೆ ಮುಂಚೆ ಗಾಳಿ ಎರಡನ್ನೂ ದೂರ ತಳ್ಳಿಬಿಟ್ಟಿದೆ. ಟೇಪು ಇದ್ದಿದ್ರೆ ಅಷ್ಟು ಹೊತ್ತು ಹಿಡ್ಕೊಂಡಿರ್ತಿತ್ತು" ಎಂದಳು. ಅವಳ ಮಾತೇ ಸರಿ. ಆ ಅಂಗುಲದ ಟೇಪು ಬೆಂಕಿ ದಾಟುವಷ್ಟು ಹೊತ್ತು ಹಿಡಿದಿದ್ದು, ಆಮೇಲೆ ತಾನೇ ಬಿಟ್ಟುಕೊಡುತ್ತದೆ. ಮುಂದಿನ ವಾರ ನಜ್ಜುಗುಜ್ಜಾದ ಕೊಳವೆಗೆ ತೇಪೆ ಹಾಕಿ, ಟೇಪು ಸುತ್ತಿ ಹಾರಿಸಿದೆವು. ಎರಡನೆಯ ಹಂತ ಹೊತ್ತಿಕೊಂಡು ಮೇಲೇರಿದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಓದುಗ ಮಿತ್ರರೇ, ಈಗ ಮೊದಲ ಪ್ರಶ್ನೆಗೆ ಬರುತ್ತೇನೆ: ಜವಾಬ್ದಾರಿ ಯಾರದು?

ಈ ಪ್ರಶ್ನೆ ಅಮೆರಿಕನ್ನರಿಗೂ ಎದುರಾಗಿತ್ತು. 1950ರ ದಶಕದಲ್ಲಿ ಅಲ್ಲಿನ ಹುಡುಗರು ಮನೆಯ ನೆಲಮಾಳಿಗೆಗಳಲ್ಲಿ ಮದ್ದು ಅರೆದು ಲೋಹದ ಕೊಳವೆಗೆ ತುಂಬಿ ಬೆರಳು, ಕಣ್ಣು ಕಳೆದುಕೊಳ್ಳುತ್ತಿದ್ದರು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಆ ಹುಚ್ಚು ಇನ್ನೂ ಹೆಚ್ಚಿತು. ಪರಿಹಾರ ಬಂದದ್ದು ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಎಂಬ ಊರಿನಿಂದ. ಆರ್ವಿಲ್ ಕಾರ್ಲೈಲ್ ಅಲ್ಲಿ ಪಾದರಕ್ಷೆಯ ಅಂಗಡಿ ಇಟ್ಟುಕೊಂಡಿದ್ದವರು. ಪಟಾಕಿ ಮದ್ದಿನ ಕೆಲಸ ಬಲ್ಲವರು. ಅವರ ಸಹೋದರ ರಾಬರ್ಟ್ ಮಾದರಿ ವಿಮಾನಗಳ ಹವ್ಯಾಸಿ. ರಾಕೆಟ್ ಕುರಿತ ತಮ್ಮ ಉಪನ್ಯಾಸಗಳಲ್ಲಿ ತೋರಿಸಲು ಅವರಿಗೊಂದು ನಮೂನೆ ಬೇಕಾಗಿತ್ತು. 1954ರಲ್ಲಿ ಅದಕ್ಕಾಗಿ ಹುಟ್ಟಿದ್ದೇ ಮೊದಲ ಮಾದರಿ ರಾಕೆಟ್. ಎಂದರೆ, ಶಿಕ್ಷಕ ಬಂಧುಗಳೇ, ಅದು ಹುಟ್ಟಿದ್ದೇ ಪಾಠೋಪಕರಣವಾಗಿ! ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತಿದ್ದ ಜಿ. ಹ್ಯಾರಿ ಸ್ಟೈನ್ ಎಂಬ ಎಂಜಿನಿಯರರಿಗೆ ಕಾರ್ಲೈಲ್ ತಮ್ಮ ಮಾದರಿಯನ್ನು ಕಳುಹಿಸಿದರು. ಮದ್ದು ಕಾರ್ಖಾನೆಯ ಪಾಲಿಗೆ, ಒಡಲು ಮಗುವಿನ ಪಾಲಿಗೆ ಎಂಬ ವಿಭಜನೆಯಲ್ಲಿಯೇ ಪರಿಹಾರವಿದೆ ಎಂಬುದನ್ನು ಸ್ಟೈನ್ ಕಂಡರು. 1957ರಲ್ಲಿ ರಾಷ್ಟ್ರೀಯ ರಾಕೆಟ್ ಸಂಘ ಹುಟ್ಟಿತು, ಸುರಕ್ಷತಾ ಸಂಹಿತೆ ರೂಪುಗೊಂಡಿತು. ಕೊಲೊರಾಡೋದ ವರ್ನ್ ಎಸ್ಟೆಸ್ ಮೋಟಾರುಗಳನ್ನು ಯಂತ್ರದಿಂದಲೇ ತಯಾರಿಸುವ ವ್ಯವಸ್ಥೆ ಮಾಡಿದರು.

ಆ ಸಂಹಿತೆಯ ಮಾತುಗಳು ಸರಳ. ಒಡಲು ಕಾಗದ, ಮರ, ಪ್ಲಾಸ್ಟಿಕ್ಕಿನಂಥ ಹಗುರ ವಸ್ತುಗಳದ್ದಾಗಿರಬೇಕು. ಕಡ್ಡಿ ಗೀರುವಂತಿಲ್ಲ, ವಿದ್ಯುತ್ತಿನಿಂದಲೇ ಹೊತ್ತಿಸಬೇಕು. ಅದಕ್ಕೆ ತೆಗೆದಿಡಬಹುದಾದ ಕೀಲಿ ಇರಬೇಕು. ಸಣ್ಣ ಮೋಟಾರಾದರೆ 15 ಅಡಿ, ದೊಡ್ಡದಾದರೆ 30 ಅಡಿ ದೂರ ನಿಲ್ಲಬೇಕು. ಹೊತ್ತದಿದ್ದರೆ ಕೀಲಿ ತೆಗೆದು 60 ಸೆಕೆಂಡು ಕಾಯಬೇಕು. ಗಾಳಿ ಗಂಟೆಗೆ 20 ಮೈಲಿ ಮೀರಿದರೆ ಹಾರಿಸಬಾರದು. ನಮ್ಮಂತೆ ಎರಡು ಬಿ ಮೋಟಾರು ಸೇರಿ 10 ನ್ಯೂಟನ್-ಸೆಕೆಂಡ್ ಆದರೆ ಮೈದಾನ 400 ಅಡಿಯದಾಗಿರಬೇಕು. ಇವನ್ನೆಲ್ಲ ಅಲ್ಲಿ 'ನಾನು ಹೀಗೆ ಮಾಡುತ್ತೇನೆ' ಎಂಬ ಧಾಟಿಯಲ್ಲಿ, ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಉತ್ತಮ ಪುರುಷದಲ್ಲಿ ಬರೆದಿದ್ದಾರೆ. ಜವಾಬ್ದಾರಿ ಯಾರದು ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ: ನನ್ನದು. ಹತ್ತು ವರ್ಷದ ಮಗು ಅದನ್ನು ಬಾಯಿಬಿಟ್ಟು ಹೇಳಿ ಹಾರಿಸುತ್ತದೆ. ನಾವಾದರೋ ಅದೇ ಪ್ರಶ್ನೆಯನ್ನು ಉತ್ತರ ಬೇಡವೆಂದೇ ಕೇಳುತ್ತೇವೆ.

"ಇದು ಅಪಾಯ" ಎನ್ನುವವರಿಗೆ ಇನ್ನೊಂದು ಮಾತು. ಪ್ರತಿ ದೀಪಾವಳಿಗೆ ನಾವು ಮಕ್ಕಳ ಕೈಗೆ ಏನು ಕೊಡುತ್ತೇವೆ? ಖಾಲಿ ಬಾಟಲಿಯಲ್ಲಿ ನಿಲ್ಲಿಸಿದ, ಪ್ಯಾರಾಚೂಟಿಲ್ಲದ, ಎಲ್ಲಿಗೆ ಹೋಗುತ್ತದೆಂದು ಹೇಳಲಾಗದ ಕಡ್ಡಿಯ ರಾಕೆಟ್ಟನ್ನು ಊದುಬತ್ತಿ ಹಿಡಿದು ತೋಳಿನಳತೆಯ ದೂರದಿಂದ ಹೊತ್ತಿಸಲು ಬಿಡುತ್ತೇವೆ. ಹಬ್ಬದ ಮರುದಿನ ಕಣ್ಣಾಸ್ಪತ್ರೆಗಳ ಮುಂದೆ ನಿಂತವರಿಗೆ ಅದರ ಫಲ ಗೊತ್ತು. ಅದು ಸಂಪ್ರದಾಯ! ಹದಿನೈದು ಅಡಿ ತಂತಿ, ಕೀಲಿ, ಎಣಿಕೆ, ನಿಯಮ ಇರುವುದು ಮಾತ್ರ ಅಪಾಯ! ನಾವು ಹೆದರುವುದು ನಿಜವಾಗಿ ಬೆಂಕಿಗಲ್ಲ. ಶಾಲೆಯೆಂಬ ಜಾಗದಲ್ಲಿ ಮಗು ಏನನ್ನಾದರೂ ತಾನಾಗಿ ಮಾಡಿಬಿಟ್ಟೀತು ಎಂಬುದಕ್ಕೆ ಹೆದರುತ್ತೇವೆ.

ಇನ್ನು ನಮ್ಮ ಹೆಮ್ಮೆಯ ವಿಚಾರ. ಟಿಪ್ಪುವಿನ ಕಾಲದ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಂದ ಬ್ರಿಟಿಷರು ಪಾಠ ಕಲಿತರು, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ ಎಂಬುದನ್ನು ನಾವು ಸಭೆ ಸಭೆಯಲ್ಲಿ ಹೇಳುತ್ತೇವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರದಷ್ಟು ಅಂಥ ರಾಕೆಟ್ಟುಗಳು ಸಿಕ್ಕಾಗ ಸಂಭ್ರಮಿಸಿದೆವು. ಸಂಭ್ರಮಿಸಬೇಕಾದದ್ದೇ. ಆದರೆ ಅವನ್ನು ಮಾಡಿದ ಕಮ್ಮಾರನು ಕೊಳವೆ ಬಡಿದು, ಹಾರಿಸಿ, ಸೋತು, ಮತ್ತೆ ಬಡಿದವನೇ ಹೊರತು, ಟಿಪ್ಪಣಿ ಬರೆದುಕೊಂಡವನಲ್ಲ.

ಇಸ್ರೋದ ಹೆಸರು ಹೇಳುವವರು 1963ರ ನವೆಂಬರ್ 21ನ್ನೂ ನೆನೆಯಲಿ. ಕೇರಳದ ತುಂಬಾದಿಂದ ಅಂದು ಹಾರಿದ ಮೊದಲ ರಾಕೆಟ್ ನೈಕ್-ಅಪಾಚೆ. ಅದೂ ಎರಡು ಹಂತದ್ದೇ; ಅದೂ ಅಮೆರಿಕದಿಂದ ಬಂದದ್ದೇ. ಚರ್ಚಿನ ಕಟ್ಟಡದಲ್ಲಿ ಅದನ್ನು ಜೋಡಿಸಿದವರು ನಮ್ಮ ತರುಣರು. ಅಬ್ದುಲ್ ಕಲಾಂ ಅವರಿಗೆ ಅಂದು ವಹಿಸಿದ್ದ ಹೊಣೆ ಎರಡು: ಜೋಡಣೆ ಮತ್ತು ಸುರಕ್ಷತೆ. ಗಮನಿಸಿ, ಎರಡೂ ಒಬ್ಬರದೇ ಕೈಯಲ್ಲಿ. ಜೋಡಿಸುವವನಿಗೇ ಸುರಕ್ಷತೆಯ ಅರ್ಥ ತಿಳಿಯುತ್ತದೆ. ಅವರ ಮೇಲಿನವರು "ಏನಾದರೂ ಆದರೆ?" ಎಂದು ಕೇಳಿ ಬಾಗಿಲು ಹಾಕಿದ್ದರೆ ಚಂದ್ರಯಾನಕ್ಕೆ ಚಪ್ಪಾಳೆ ತಟ್ಟುವ ಅವಕಾಶ ನಮಗೆ ಇರುತ್ತಿರಲಿಲ್ಲ.

ಎರಡನೆಯ ಪ್ರಶ್ನೆ: ಪರೀಕ್ಷೆಗೆ ಬರುತ್ತದೆಯೇ? ಬರುವುದಿಲ್ಲ. ಆದರೆ ಪರೀಕ್ಷೆಗೆ ಬರುವ ಸಂವೇಗ, ನೂಕುಬಲ, ಗುರುತ್ವ ಕೇಂದ್ರ, ವಾಯು ಪ್ರತಿರೋಧ ಎಲ್ಲವೂ ಆ ಕಾಗದದ ಕೊಳವೆಯಲ್ಲಿವೆ. ಇಂದು ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಏನಿರುತ್ತದೆ? ಅಂಗಡಿಯಿಂದ ತಂದ ಥರ್ಮೋಕೋಲ್ ರಾಕೆಟ್ಟು, ಅಪ್ಪ ಅಂಟಿಸಿದ ರೆಕ್ಕೆ, ಅಮ್ಮ ಬರೆದುಕೊಟ್ಟ ವಿವರಣೆ, ಬಾಯಿಪಾಠ ಮಾಡಿದ ಮಗು. ಆ ರಾಕೆಟ್ಟು ಎಂದೂ ಬೀಳುವುದಿಲ್ಲ, ಏಕೆಂದರೆ ಅದು ಎಂದೂ ಏರುವುದಿಲ್ಲ. ಬಹುಮಾನ ಮಾತ್ರ ಬರುತ್ತದೆ. ತಾನು ಮಾಡಿದ್ದು ಕಣ್ಣೆದುರಿಗೆ ಬಿದ್ದು, ಏಕೆ ಬಿತ್ತೆಂದು ಮಸಿ ಹತ್ತಿದ ಮೋಟಾರನ್ನು ತಿರುಗಿಸಿ ನೋಡದ ಮಗುವಿಗೆ ನೂರಕ್ಕೆ ನೂರು ಬಂದರೂ ವಿಜ್ಞಾನ ಬಂದಂತಾಗಲಿಲ್ಲ.

ನಮ್ಮಲ್ಲಿ ಮದ್ದಿನ ಮೋಟಾರು ಮಕ್ಕಳಿಗೆ ಸುಲಭವಾಗಿ ಸಿಗುವ ಸಾಮಗ್ರಿಯಲ್ಲ ಎಂಬುದನ್ನು ಬಲ್ಲೆ. 1884ರ ಸ್ಫೋಟಕ ಕಾಯ್ದೆಯ ದೇಶದಲ್ಲಿ ಪರವಾನಗಿಯ ಪ್ರಶ್ನೆ ಇದ್ದೇ ಇದೆ, ಇರಲೂಬೇಕು. ವಿಮಾನದಲ್ಲಿಯೂ ಅದನ್ನು ಒಯ್ಯುವಂತಿಲ್ಲವಾದ್ದರಿಂದ ನಾನೂ ಖಾಲಿ ಒಡಲನ್ನಷ್ಟೇ ಊರಿಗೆ ತಂದೆ. ಇನ್-ಸ್ಪೇಸ್ ಸಂಸ್ಥೆಯು ಈಚೆಗೆ ಕಾಲೇಜು ವಿದ್ಯಾರ್ಥಿಗಳಿಗೆ ಮಾದರಿ ರಾಕೆಟ್ ಸ್ಪರ್ಧೆ ಏರ್ಪಡಿಸಿದೆ, ಸಂತೋಷ. ಆದರೆ ಕಾಲೇಜಿನವರೆಗೆ ಕಾಯುವ ಕುತೂಹಲ ಎಷ್ಟು ಮಕ್ಕಳದು? ಅಮೆರಿಕದಲ್ಲಿ 2003ರಿಂದ ನಡೆಯುತ್ತಿರುವ ರಾಕೆಟ್ ಸ್ಪರ್ಧೆಯಲ್ಲಿ ಶಾಲೆಯ ಮಕ್ಕಳೇ ಹಸಿ ಮೊಟ್ಟೆಯನ್ನು ಮೇಲಕ್ಕೆ ಕಳುಹಿಸಿ ಒಡೆಯದಂತೆ ಇಳಿಸುತ್ತಾರೆ. ನಮ್ಮಲ್ಲಿಯೂ ಮೋಟಾರುಗಳು ಅಧಿಕೃತ ಸಂಸ್ಥೆಯ ವಶದಲ್ಲಿರಲಿ, ತಾಲ್ಲೂಕಿಗೊಂದು ಮೈದಾನ ಗುರುತಾಗಲಿ, ವರ್ಷಕ್ಕೊಂದು ದಿನ ಶಾಲೆಗಳು ತಮ್ಮ ಒಡಲುಗಳನ್ನು ತಂದು ಹಾರಿಸಲಿ. ಒಂದು ತರಗತಿಗೆ ಒಂದು ರಾಕೆಟ್ ಸಾಕು. ಒಡಲು ಮತ್ತೆ ಮತ್ತೆ ಹಾರುತ್ತದೆ.

ಅದಾಗುವವರೆಗೆ ನೀರಿನ ರಾಕೆಟ್ಟಿಗೆ ಯಾರ ಪರವಾನಗಿಯೂ ಬೇಡ. ಬಾಟಲಿಯ ಮೂರನೆಯ ಒಂದು ಭಾಗ ನೀರು, ಬಿಗಿಯಾದ ಬಿರಡೆ, ಸೈಕಲ್ ಪಂಪು, ದೂರದಿಂದ ಎಳೆಯುವ ದಾರ, ಕಣ್ಣಿಗೆ ಕನ್ನಡಕ. ಗಾಜಿನದು ಬೇಡ, ಸೀಳಿದ ಬಾಟಲಿಯೂ ಬೇಡ. ಈ ನಿಯಮಗಳನ್ನೂ ಮಕ್ಕಳಿಂದಲೇ ಬರೆಸಿ, ಉತ್ತಮ ಪುರುಷದಲ್ಲಿ.

ಆ ಮುಖ್ಯೋಪಾಧ್ಯಾಯರ ಮೇಲೆ ನನಗೆ ಕೋಪವಿಲ್ಲ. ಅವರ ಕುರ್ಚಿಯಲ್ಲಿ ಕುಳಿತಿದ್ದರೆ ಬಹುಶಃ ನಾನೂ ಅದನ್ನೇ ಹೇಳುತ್ತಿದ್ದೆ, ಹೇಳಿದ್ದೇನೆ ಕೂಡ. ಆದುದರಿಂದಲೇ ಇದನ್ನು ಬರೆಯುವ ಹಕ್ಕು ನನಗಿದೆಯೆಂದು ತಿಳಿಯುತ್ತೇನೆ. ಬೆಂಕಿಕಡ್ಡಿಯ ಮದ್ದನ್ನು ಆ ಹುಡುಗನಿಂದ ಕಿತ್ತುಕೊಂಡದ್ದು ಸರಿ, ಇಂದಿಗೂ ಕಿತ್ತುಕೊಳ್ಳುತ್ತೇನೆ. ಕೊಳವೆಯನ್ನು ಮುರಿದದ್ದು ತಪ್ಪು. "ಇದಕ್ಕೆ ಮಣ್ಣಿನ ಮೂತಿ ಏಕೆ ಮಾಡಿದೆಯಪ್ಪಾ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅವನು ಎಲ್ಲಿದ್ದಾನೋ ತಿಳಿಯದು. ಈಗ ಐವತ್ತರ ಗಡಿ ಮುಟ್ಟಿರಬೇಕು. ಅವನ ಮಕ್ಕಳೂ ಶಾಲೆ ಮುಗಿಸಿರಬಹುದು.

ನಿಮ್ಮ ಮನೆಯ ಅಥವಾ ತರಗತಿಯ ಮಗುವೊಂದು ನಾಳೆ ಇಂಥ ಕೊಳವೆಯೊಂದನ್ನು ತಂದರೆ, ಬೈಯುವುದಕ್ಕೆ ಮೊದಲು ಆ ಪ್ರಶ್ನೆಯನ್ನು ನನ್ನ ಪರವಾಗಿ ಕೇಳಿ.